ಕರಿಕಂಬಳಿಯ ಕಥೆ

ಊರಿನಿಂದ ಹೊರಟಾಗ ಹಾಸಿಗೆಯ ಸುರುಳಿಯಲ್ಲಿ ಒಂದು ಕರಿಕಂಬಳಿಯನ್ನು ಸುತ್ತಿಕೊಂಡು ಬಂದವರು ನಮ್ಮಲ್ಲಿ ಹಲವರಿದ್ದಾರೆ. ಅದು ಚುಚ್ಚುತ್ತದೆ, ಕೂದಲು ಉದುರುತ್ತದೆ ಎಂಬುದು ಮಕ್ಕಳ ದೂರು. ಕಂಬಳಿಯ ಮೇಲೆ ಕುಳಿತು ಉಣ್ಣುವವನು ಕೂದಲಿಗೆ ಹೇಸಿದರೆ ಹೇಗೆ ಎಂದು ಹಿರಿಯರು ನಗುತ್ತಾರೆ.

ಹೆಸರು ಬಹಳ ಹಳೆಯದು. ‘ಕಂಬಲ’ ಎಂಬ ಶಬ್ದ ಅಥರ್ವವೇದದಲ್ಲಿಯೇ ಇದೆ. ಪಾಣಿನಿಯ ಸೂತ್ರವೊಂದರಿಂದ ಸಿದ್ಧವಾಗುವ ‘ಕಂಬಲ್ಯ’ ಎಂಬ ಮಾತಿಗೆ ನೂರು ಪಲ ತೂಕದ ಉಣ್ಣೆ ಎಂದು ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ಎಂದರೆ ಕಂಬಳಿಗೆ ಬೇಕಾಗುವ ಉಣ್ಣೆಯೇ ಒಂದು ಅಳತೆಯಾಗಿತ್ತು! ಇಂಗ್ಲಿಷರು ಇದನ್ನೇ ‘ಕಂಬ್ಲಿ’ ಎಂದು ಕರೆದು, 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಸೇರಿಸಿಕೊಂಡರು.

ನಮ್ಮ ಕಂಬಳಿ ದಖನಿ ಕುರಿಯ ಕೊಡುಗೆ. ಒರಟು ಉಣ್ಣೆಯ, ಬಯಲುಸೀಮೆಯ ಬಿಸಿಲಿಗೂ ಬರಕ್ಕೂ ಜಗ್ಗದ ಪ್ರಾಣಿ ಅದು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಿದರೂ ಒಂದು ಕುರಿಯಿಂದ ಸಿಗುವುದು ಅಷ್ಟಿಷ್ಟೇ. ಒಂದು ಕಂಬಳಿಗೆ ಹಲವು ಕುರಿಗಳು ಬೇಕು. ಕತ್ತರಿಸಿದ ಉಣ್ಣೆಯನ್ನು ಕಸ ತೆಗೆದು ಬಿಲ್ಲಿನಿಂದ ಹಿಂಜುತ್ತಾರೆ. ನೂಲುವುದು ಬಹುಪಾಲು ಮನೆಯ ಹೆಣ್ಣುಮಕ್ಕಳ ಕೆಲಸ. ನೇಯುವವನ ಹೆಸರು ಹೇಳುವ ಊರು, ನೂತವಳನ್ನು ಎಣಿಕೆಗೆ ತೆಗೆದುಕೊಂಡದ್ದು ಕಡಿಮೆ.

ಮುಂದಿನ ಹಂತವೇ ಗುಟ್ಟಿನದು. ಹುಣಸೆಬೀಜವನ್ನು ಹುರಿದು, ಸಿಪ್ಪೆ ಕಳೆದು, ಅರೆದು ಕುದಿಸಿದ ಸರಿಯನ್ನು ಹಾಸಿನ ನೂಲಿಗೆ ಬಳಿದು ಕುಂಚದಿಂದ ತೀಡುತ್ತಾರೆ. ನೂಲಿನ ರೋಮಗಳು ಕೂತು, ಎಳೆ ಗಟ್ಟಿಯಾಗುತ್ತದೆ. ಆಮೇಲೆ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವ ಮಗ್ಗ. ಬಣ್ಣವಿಲ್ಲ, ಕುರಿಯ ಮೈಬಣ್ಣವೇ ಬಣ್ಣ. ಹಾಲುಮತದವರು ಬೀರಪ್ಪನಿಗೆ ಗದ್ದುಗೆ ಹಾಕುವುದು ಈ ಕಂಬಳಿಯ ಮೇಲೆಯೇ. ಮಳೆಗಾಲದಲ್ಲಿ ಅದನ್ನೇ ಮಡಿಚಿ ಕೊಪ್ಪೆ ಮಾಡಿ ತಲೆಗೆ ಹಾಕಿದರೆ ಹೊಲದ ಕೆಲಸ ನಿಲ್ಲದು.

ಇಷ್ಟೆಲ್ಲ ಇದ್ದರೂ ಮಗ್ಗಗಳು ಕಡಿಮೆಯಾದವು. 1884ರಲ್ಲಿ ಬೆಂಗಳೂರಿನಲ್ಲಿ ಉಣ್ಣೆ ಗಿರಣಿ ಶುರುವಾಯಿತು. ಬಿನ್ನಿಯವರ ಹೆಸರಿನ ನುಣುಪು ಬ್ಲಾಂಕೆಟ್ಟು ಪೇಟೆಯವರ ಮನಸ್ಸು ಗೆದ್ದಿತು. ಗಿರಣಿ ಈಗಿಲ್ಲ, ಆದರೆ ಪಾಣೀಪತ್ತಿನ ಅಗ್ಗದ ಹೊದಿಕೆಗಳು ಬಂದಿವೆ. ಇದಕ್ಕಿಂತ ದೊಡ್ಡ ಪೆಟ್ಟು ಬೇರೆಯಿದೆ. ಮಾಂಸಕ್ಕೆ ಒಳ್ಳೆಯ ಬೆಲೆ ಬಂದಮೇಲೆ ಉಣ್ಣೆಯಿಲ್ಲದ ಕೆಂಪು ತಳಿಯ ಕುರಿಗಳನ್ನು ಸಾಕುವುದು ಹೆಚ್ಚಾಗಿ, ದಖನಿ ಹಿಂಡುಗಳು ಬೆರಕೆಯಾಗುತ್ತಿವೆ. ಉಣ್ಣೆಗೆ ಕೊಳ್ಳುವವನಿಲ್ಲದೆ, ಕತ್ತರಿಸಿದ್ದನ್ನು ಕುರಿಗಾರನು ಬಯಲಲ್ಲೇ ಬಿಟ್ಟು ನಡೆಯುವುದೂ ಉಂಟು. ಇದಕ್ಕೆ ಕುರಿಗಾರನನ್ನು ದೂರುವುದು ನನಗೆ ನ್ಯಾಯವಾಗಿ ತೋರದು, ಅವನಿಗೂ ಸಂಸಾರವಿದೆ.

ಚಳ್ಳಕೆರೆಯಲ್ಲಿ, ರಾಣೆಬೆನ್ನೂರಿನ ಮೆಡ್ಲೇರಿಯಲ್ಲಿ ಕೈಮಗ್ಗದ ಕಂಬಳಿಗೆ ಹೆಸರಿದೆ. ರಜೆಗೆ ಊರಿಗೆ ಹೋದವರು ಕೊಳ್ಳಬಹುದು. ಮನೆಯಲ್ಲಿ ಹಳೆಯದಿದ್ದರೆ ಸೋಪು, ಬಿಸಿನೀರು ಹಾಕಬೇಡಿ. ಬಿಸಿಲಿಗೆ ಹರಡಿ, ಕೊಡವಿ, ಬೇವಿನೆಲೆಯೊಡನೆ ಮಡಿಚಿಡಿ.