ಏಳುನೂರು ಅಡಿಯ ಒಗಟು

1990ರ ಫೆಬ್ರವರಿ 14. ಮುಂಬಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಬೆಂಗಳೂರನ್ನು ಸಮೀಪಿಸಿದಾಗ ಮಧ್ಯಾಹ್ನ ಒಂದು ಗಂಟೆ. ಆಕಾಶ ತಿಳಿಯಾಗಿತ್ತು. ಏರ್‌ಬಸ್ ಎ-320 ವಿಮಾನ ಬಂದು ಕೆಲವೇ ತಿಂಗಳಾಗಿತ್ತು. ಎಚ್‌ಎಎಲ್ ನಿಲ್ದಾಣದ ರನ್‌ವೇ ಇನ್ನೂ ಮುಂದಿರುವಾಗಲೇ ಅದು ಗಾಲ್ಫ್ ಮೈದಾನಕ್ಕೆ ಬಡಿದು, ಪುಟಿದು, ಒಡ್ಡಿಗೆ ಅಪ್ಪಳಿಸಿ ಹೊತ್ತಿ ಉರಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ಪೈಲಟ್‌ಗಳಿಬ್ಬರೂ ಉಳಿಯಲಿಲ್ಲ.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ತನಿಖೆ ನಡೆಸಿದರು. ಇಳಿಯುವ ಕೊನೆಯ ಘಟ್ಟದಲ್ಲಿ ವಿಮಾನದ ಎಂಜಿನ್‌ಗಳು ಬಲವಿಲ್ಲದೆ ಸುಮ್ಮನೆ ತಿರುಗುತ್ತಿದ್ದವು. ನೆಲ ಹತ್ತಿರವಾಗುತ್ತಿದೆಯೆಂದು ಯಂತ್ರ ಕೂಗಿ ಹೇಳಿದರೂ ಪೈಲಟ್‌ಗಳು ಕೂಡಲೇ ಬಲ ಏರಿಸಲಿಲ್ಲ. ಇದೇ ದುರಂತಕ್ಕೆ ಸಂಭವನೀಯ ಕಾರಣವೆಂದು ವರದಿ ಹೇಳಿತು. ಆದರೆ ವಿಮಾನ ಆ ಸ್ಥಿತಿಗೆ ಹೋದದ್ದಾದರೂ ಹೇಗೆ? ಅದನ್ನು ಖಚಿತವಾಗಿ ಹೇಳಬಲ್ಲವರು ಬದುಕಿರಲಿಲ್ಲ. ತನಿಖೆಯಲ್ಲಿ ಮೂಡಿದ ಒಂದು ಊಹೆ ಮಾತ್ರ ಇಂದಿಗೂ ಚರ್ಚೆಯಲ್ಲಿದೆ.

ಎ-320ರ ಪೈಲಟ್‌ಗಳ ಮುಂದೆ, ಗಾಜಿನ ಕೆಳಗೆ ಒಂದು ಪಟ್ಟಿ. ಅದರಲ್ಲಿ ಸಾಲಾಗಿ ನಾಲ್ಕು ನಾಬ್‌ಗಳು: ವೇಗ, ದಿಕ್ಕು, ಎತ್ತರ, ಏರಿಳಿತದ ದರ. ಪ್ರತಿಯೊಂದರ ಅಂಕಿಯೂ ಅದರ ನೇರ ಮೇಲೆಯೇ ಕಾಣುತ್ತದೆ. ನೋಡಲು ಅಚ್ಚುಕಟ್ಟಾದ ಏರ್ಪಾಡು. ಆದರೆ ಕೊನೆಯ ಎರಡು ನೆರೆಹೊರೆಯವು. ಒಂದರ ಲೆಕ್ಕ ಅಡಿಗಳಲ್ಲಿ, ಮತ್ತೊಂದರದು ನಿಮಿಷಕ್ಕೆ ಇಷ್ಟು ಅಡಿ ಎಂದು. ನಿಮಿಷಕ್ಕೆ 700 ಅಡಿಯಂತೆ ಇಳಿಯಲು ಬಯಸಿದ ಪೈಲಟ್ ಪಕ್ಕದ ನಾಬ್ ತಿರುಗಿಸಿ 700 ಅಡಿ ಎತ್ತರಕ್ಕೆ ಇಳಿ ಎಂದು ಹೇಳಿರಬಹುದೇ ಎಂಬುದೇ ಆ ಊಹೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲಿದೆ. ಹಾಗಾದರೆ ಕಂಪ್ಯೂಟರಿಗೆ ಬಂದ ಆಜ್ಞೆ ನೆಲದೊಳಕ್ಕೆ ಎರಡು ಸಾವಿರ ಅಡಿ ಇಳಿ ಎಂದು! ಆಜ್ಞೆ ಪಾಲಿಸಲು ಅದು ಎಂಜಿನ್‌ಗಳ ಬಲವನ್ನು ಇಳಿಸಿತು. ಕೊನೆಗೆ ಎಚ್ಚೆತ್ತರೂ ಜೆಟ್ ಎಂಜಿನ್ ಪೂರ್ಣ ಬಲಕ್ಕೆ ಬರಲು ಕೆಲವು ಕ್ಷಣಗಳು ಬೇಕು. ಅವು ಸಿಗಲಿಲ್ಲ.

ಇಂಥ ಗೊಂದಲ ಎರಡನೆಯ ಮಹಾಯುದ್ಧದಷ್ಟು ಹಳೆಯದು. ಬಿ-17 ಬಾಂಬರುಗಳ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲಾಪ್ ಎತ್ತಲು ಹೋಗಿ ಗಾಲಿಗಳನ್ನೇ ಮಡಚಿಬಿಡುತ್ತಿದ್ದರು. ಅಮೆರಿಕದ ಮನೋವಿಜ್ಞಾನಿ ಅಲ್ಫಾನ್ಸ್ ಚಪಾನಿಸ್ ತಪ್ಪನ್ನು ಪೈಲಟ್‌ಗಳ ಮೇಲೆ ಹೊರಿಸಲಿಲ್ಲ. ಎರಡೂ ಹಿಡಿಗಳು ಒಂದೇ ಬಗೆಯವು, ಅಕ್ಕಪಕ್ಕದವು ಎಂಬುದನ್ನು ಕಂಡುಕೊಂಡರು. ಗಾಲಿಯ ಹಿಡಿಗೆ ಪುಟ್ಟ ಚಕ್ರ, ಫ್ಲಾಪಿನ ಹಿಡಿಗೆ ಬೆಣೆಯ ತುಂಡು ಜೋಡಿಸಿದರು. ಕಣ್ಣು ಮುಚ್ಚಿದರೂ ಕೈಗೆ ತಿಳಿಯುವಂತಾಯಿತು. 1959ರಲ್ಲಿ ಅವರೂ ಲಿಂಡನ್‌ಬಾಮ್ ಎಂಬವರೂ ನಾಲ್ಕು ಉರಿಯ ಒಲೆಯ ಮೇಲೆ ಪರೀಕ್ಷೆ ನಡೆಸಿದರು. ಉರಿಗಳನ್ನು ಅವುಗಳ ನಾಬ್‌ಗಳ ಕ್ರಮಕ್ಕೆ ಸರಿಯಾಗಿ ಓರೆಯಾಗಿ ಜೋಡಿಸಿದ ಒಲೆಯಲ್ಲಿ ಒಂದೂ ತಪ್ಪಾಗಲಿಲ್ಲ; ಮಾಮೂಲಿ ಚೌಕದ ಒಲೆಗಳಲ್ಲಿ ಹಲವು ತಪ್ಪುಗಳಾದವು. ಮದುವೆ ಛತ್ರದಲ್ಲಿ ಒಂದು ಫ್ಯಾನ್ ಹಾಕಲು ಹೋಗಿ ನಾಲ್ಕು ದೀಪ ಹೊತ್ತಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಬೆಂಗಳೂರಿನ ಗಾಯ ಮಾಯುವ ಮುನ್ನವೇ, 1992ರ ಜನವರಿ 20ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಮತ್ತೊಂದು ಎ-320 ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಅಲ್ಲಿ ಒಂದೇ ನಾಬ್‌ಗೆ ಎರಡು ಕೆಲಸ. ಇಳಿಯುವ ಕೋನ 3.3 ಡಿಗ್ರಿ ಇರಲಿ ಎಂದುಕೊಂಡ ಪೈಲಟ್ ಆಯ್ಕೆಯ ಗುಂಡಿ ಒತ್ತದೆ ನಿಮಿಷಕ್ಕೆ 3,300 ಅಡಿ ಕೊಟ್ಟಿರಬಹುದೆಂಬುದು ಅಲ್ಲಿನ ಅನುಮಾನ. ಕಿಟಕಿಯಲ್ಲಿ ಒಂದು 3.3 ಎಂದೂ ಮತ್ತೊಂದು ಬರೀ 33 ಎಂದೂ ಕಾಣುತ್ತಿದ್ದವು. ನಡುವೆ ಇದ್ದದ್ದು ಒಂದು ಚುಕ್ಕೆ. ಆಮೇಲೆ ಕಂಪನಿ ಇಳಿಯುವ ದರವನ್ನು ನಾಲ್ಕು ಅಂಕಿಗಳಲ್ಲಿ ತೋರಿಸುವಂತೆ ಕಿಟಕಿಯನ್ನು ಬದಲಿಸಿತು. ಎತ್ತರದ ನಾಬ್ ಮತ್ತು ದರದ ನಾಬ್ ಮಾತ್ರ ಎ-320ರಲ್ಲಿ ಈಗಲೂ ನೆರೆಹೊರೆಯಲ್ಲೇ ಇವೆ.