ಸೇವ್ ಮಾಡದ ಪುಟ ಎಲ್ಲಿ ಹೋಯಿತು?

ತುಮಕೂರಿನಲ್ಲೋ ಗುಬ್ಬಿ, ಕುಣಿಗಲ್‌ಗಳಲ್ಲೋ ನೀವು ಅರ್ಜಿ ಬೆರಳಚ್ಚಿಸುವಾಗ ಕರೆಂಟು ಹೋಗಿ ಗಣಕ ಆರಿದರೆ, ಸೇವ್ ಮಾಡದ ಪುಟ ಏನಾಗುತ್ತದೆ? 1960ರಲ್ಲಿ ಮುಂಬಯಿಯಲ್ಲಿ ಕಾರ್ಯಾರಂಭ ಮಾಡಿದ ಟಿಫ್ರಾಕ್ ಗಣಕದ ಸ್ಮೃತಿ ಫೆರೈಟ್ ಉಂಗುರಗಳದು. ವಿದ್ಯುತ್ ಕಡಿದರೂ ಅವುಗಳ ಕಾಂತತ್ವ ಉಳಿಯುತ್ತದೆ. 1968ರಲ್ಲಿ ರಾಬರ್ಟ್ ಡೆನಾರ್ಡ್ ಪೇಟೆಂಟ್ ಪಡೆದ ಡಿರ್‍ಯಾಮ್ ಕೋಶದಲ್ಲಿ ಮಾಹಿತಿಯೆಂದರೆ ಧಾರಕದಲ್ಲಿನ ವಿದ್ಯುದಾವೇಶ. ಅದು ಸೋರುವುದರಿಂದ ಸುಮಾರು 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು. ವಿದ್ಯುತ್ ನಿಂತರೆ ಪುಟವೂ ಇಲ್ಲ. ತಂತ್ರಾಂಶ ಕುಸಿದರೂ ಅಷ್ಟೆ, ಅದು ಬಳಸುತ್ತಿದ್ದ ಸ್ಮೃತಿಯನ್ನು ಗಣಕ ಬೇರೆ ಕೆಲಸಕ್ಕೆ ಕೊಟ್ಟುಬಿಡುತ್ತದೆ.

ಈ ಮರೆವಿಗೆ ಮದ್ದು ಡಿಸ್ಕಿನಲ್ಲಿತ್ತು. 1970ರ ದಶಕದಲ್ಲಿ ಹುಟ್ಟಿದ ವಿಐ ಸಂಪಾದಕ ತಾತ್ಕಾಲಿಕ ಕಡತ ಇರಿಸಿತು. ಗ್ನೂ ಇಮ್ಯಾಕ್ಸ್ ಸುಮಾರು 300 ಕೀಲಿಯೊತ್ತುಗಳಿಗೊಮ್ಮೆ ನಕಲು ಬರೆಯುತ್ತದೆ. 2001ರ ಆಫೀಸ್ ಎಕ್ಸ್‌ಪಿ ಅಂಥ ನಕಲುಗಳನ್ನು ಪಟ್ಟಿ ಮಾಡಿ ಮುಂದಿಟ್ಟಿತು. ಕೊನೆಯ ನಕಲಿನ ನಂತರ ಬರೆದದ್ದು ಮಾತ್ರ ಎಲ್ಲಿಯೂ ಇರದು. ಆದ್ದರಿಂದ ಪ್ಯಾರಾ ಮುಗಿದೊಡನೆ ಸೇವ್ ಮಾಡಿ.