ಹೊಗೆ ಎಲ್ಲಿಗೆ ಹೋಯಿತು?

ಕಳೆದ ತಿಂಗಳು ನನ್ನ ಮೊಮ್ಮಗ ಹೊಸ ವಿದ್ಯುತ್ ಸ್ಕೂಟರನ್ನು ಕೊಂಡು ತಂದ. "ತಾತ, ಇದಕ್ಕೆ ಹೊಗೆಯೇ ಇಲ್ಲ" ಎಂದು ಅವನು ಹೆಮ್ಮೆಯಿಂದ ಹೇಳಿದಾಗ ನನಗೆ 1988ರ ಶಾಲಾ ಪ್ರವಾಸವೊಂದು ನೆನಪಾಯಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು.

ಆಗ ರಾಯಚೂರು ಜಿಲ್ಲೆಯಲ್ಲಿ ಕೆಲಸದಲ್ಲಿದ್ದ ನಾನು ಮಕ್ಕಳನ್ನು ಶಕ್ತಿನಗರಕ್ಕೆ ಕರೆದೊಯ್ದಿದ್ದೆ. ಹಿಂದಿನ ವಾರವಷ್ಟೇ ತರಗತಿಯಲ್ಲಿ, ವಿದ್ಯುಚ್ಛಕ್ತಿಗೆ ಹೊಗೆಯಿಲ್ಲ, ಬೂದಿಯಿಲ್ಲ ಎಂದು ಪಾಠ ಹೇಳಿದ್ದೆ. ಕೃಷ್ಣೆಯ ದಡದ ಆ ಎತ್ತರದ ಚಿಮಣಿಯನ್ನು ನೋಡಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಹಾಗಾದರೆ ಇದು ಯಾವುದರ ಹೊಗೆ?" ಎಂದು ಕೇಳಿದಳು. "ಹೊತ್ತಾಯಿತು, ಬಸ್ಸು ಹತ್ತಿರಿ" ಎಂದುಬಿಟ್ಟೆ. ಆ ಉತ್ತರದ ಸಾಲವನ್ನು ಇಂದು ತೀರಿಸುತ್ತಿದ್ದೇನೆ.

ನಾನು ಓದುತ್ತಿದ್ದ ಕಾಲಕ್ಕೆ ಆ ಪಾಠ ನಮ್ಮ ನಾಡಿನ ಮಟ್ಟಿಗೆ ನಿಜವೇ ಆಗಿತ್ತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಬಳಿಕ ಶರಾವತಿಯ ಸರದಿ. ಆ ವಿದ್ಯುತ್ತಿಗೆ ಹೊಗೆ ಇರಲಿಲ್ಲ, ಆದರೆ ಬೆಲೆ ಇತ್ತು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರುಗಳೂ ಕಾಡೂ ಮುಳುಗಿದವು. 1985ರಲ್ಲಿ ಶಕ್ತಿನಗರದ 210 ಮೆಗಾವಾಟ್‌ನ ಮೊದಲ ಘಟಕದೊಂದಿಗೆ ಕಲ್ಲಿದ್ದಲು ನಮ್ಮ ವಿದ್ಯುತ್ತಿನೊಳಗೆ ಬಂದಿತು. ಮುಂದೆ ಆ ಕೇಂದ್ರ 1,720 ಮೆಗಾವಾಟ್‌ಗೆ ಬೆಳೆಯಿತು. ನನ್ನ ಪಾಠ ಮಾತ್ರ ಹಳೆಯದಾಗಿಯೇ ಉಳಿದಿತ್ತು.

ವಿದ್ಯುತ್ ವಾಹನವೂ ಹೊಸತೇನಲ್ಲ. ಎಡಿಸನ್ 1882ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ವಿದ್ಯುತ್ ಕೇಂದ್ರ ಕಲ್ಲಿದ್ದಲನ್ನೇ ಸುಡುತ್ತಿತ್ತು. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ವಿದ್ಯುತ್ತಿನವು. ಕಲ್ಲಿದ್ದಲಿನಿಂದ ಬೆಳಗುತ್ತಿದ್ದ ನಗರಗಳಲ್ಲಿ ಕಾರು ಹೋದ ಬೀದಿ ಶುಚಿಯಾಗಿರುತ್ತಿತ್ತು, ಹೊಗೆ ಬೇರೆಡೆ ಏಳುತ್ತಿತ್ತು. ನಮ್ಮ ಬೆಂಗಳೂರಿನಲ್ಲೇ ತಯಾರಾದ ರೇವಾ ಕಾರು 2001ರಲ್ಲಿ ರಸ್ತೆಗಿಳಿಯುವ ಹೊತ್ತಿಗೆ ಇಲ್ಲಿಯ ತಂತಿಗಳಲ್ಲೂ ಕಲ್ಲಿದ್ದಲಿನ ಪಾಲು ಸೇರಿಕೊಂಡಿತ್ತು.

ಹಾಗಾದರೆ ಮೊಮ್ಮಗನ ಸ್ಕೂಟರಿನಿಂದ ಲಾಭವಿಲ್ಲವೇ? ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 50 ಕಿಲೋಮೀಟರ್ ಓಡುವ ಸ್ಕೂಟರ್ ನೂರು ಕಿಲೋಮೀಟರಿಗೆ 4.6 ಕಿಲೋ ಉಗುಳುತ್ತದೆ. ವಿದ್ಯುತ್ ಸ್ಕೂಟರಿಗೆ, ಸೋರಿಕೆಯೂ ಸೇರಿ, ನಾಲ್ಕು ಯೂನಿಟ್ ಎನ್ನೋಣ. ಭಾರತದ ವಿದ್ಯುತ್ ಜಾಲದ ಸರಾಸರಿಯಂತೆ ಯೂನಿಟ್ಟಿಗೆ ಸುಮಾರು 0.7 ಕಿಲೋ, ಒಟ್ಟು 2.8. ಆದರೆ ಕಲ್ಲಿದ್ದಲಿನ ವಿದ್ಯುತ್ ಮಾತ್ರವಾದರೆ ಯೂನಿಟ್ಟಿಗೆ ಸುಮಾರು ಒಂದು ಕಿಲೋ. ಆಗ ಒಟ್ಟು ನಾಲ್ಕಾಗಿ, ಉಳಿತಾಯ ಬಹುಪಾಲು ಕರಗುತ್ತದೆ. ಬ್ಯಾಟರಿ ತಯಾರಿಕೆಯ ಹೊರೆ ಬೇರೆ. ಇದಲ್ಲದೆ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು. ನಗರದ ಬೀದಿಯಲ್ಲಿ ತಪ್ಪಿದ ಹೊಗೆಯ ಒಂದು ಪಾಲು, ಸ್ಕೂಟರನ್ನೇ ಕೊಳ್ಳಲಾರದವರು ಬಾಳುವ ಊರಿನ ಮೇಲೆ ಇಳಿಯಬಹುದು.

ಆದರೂ ನಾನು ಅವನಿಗೆ ಸ್ಕೂಟರ್ ಬೇಡವೆನ್ನಲಿಲ್ಲ. ಪೆಟ್ರೋಲ್ ವಾಹನ ಕೊನೆಯವರೆಗೂ ಪೆಟ್ರೋಲನ್ನೇ ಸುಡಬೇಕು. ವಿದ್ಯುತ್ ವಾಹನವಾದರೋ, ವಿದ್ಯುತ್ತಿನ ಮೂಲ ಶುಚಿಯಾದಂತೆಲ್ಲ ತಾನೂ ಶುಚಿಯಾಗುತ್ತದೆ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಸ್ಥಾವರ 2019ರಲ್ಲಿ ಪೂರ್ಣಗೊಂಡಿದೆ. ಆದರೆ ಸೂರ್ಯ ದುಡಿಯುವುದು ಹಗಲಿನಲ್ಲಿ. ಮೊಮ್ಮಗ ಚಾರ್ಜಿಗೆ ಹಾಕುತ್ತಿದ್ದುದು ರಾತ್ರಿ. ಈಗ ಭಾನುವಾರ ಮಧ್ಯಾಹ್ನ ಹಾಕುತ್ತಾನೆ, ಉಳಿದ ದಿನ ಕಚೇರಿಯಲ್ಲಿ ಹಗಲು ಹೊತ್ತಿನಲ್ಲಿ.

ಅಂದು ಪ್ರಶ್ನೆ ಕೇಳಿದ ಹುಡುಗಿ ಇದನ್ನು ಓದುತ್ತಿದ್ದರೆ, ಅಮ್ಮಾ, ಅದು ನಮ್ಮ ತರಗತಿಯ ದೀಪದ ಹೊಗೆಯಾಗಿತ್ತು. ಅಂದೇ ಹೇಳಬೇಕಿತ್ತು.